ಸಾಕು ಎನ್ನದ ಜೀವಕೋಶ

24 ಜೂನ್ 2002, ಸೋಮವಾರ. ಮೊಳಕಾಲ್ಮೂರು

ಸಿರಿಯ ಕಣ್ಣು ತೊಳೆಯುವುದು ಇವತ್ತು ನನ್ನ ಪಾಳಿ. ಕುದಿಸಿ ಆರಿಸಿದ ನೀರು, ಹತ್ತಿ, ಸ್ಟೀಲ್ ಬಟ್ಟಲು. ಬಲಗಣ್ಣು ಬೇಗ ಬರುತ್ತದೆ. ಎಡಗಣ್ಣಿಗೆ ಕೆಳರೆಪ್ಪೆ ಒತ್ತಬೇಕು, ಆಗ ಜಾರಿ ಅಂಗೈಗೆ ಬೀಳುತ್ತದೆ. ಎರಡೂ ಪ್ಲಾಸ್ಟಿಕ್. ಹಟ್ಟಿಯವರು ಗಾಜಿನ ಕಣ್ಣು ಅನ್ನುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ. ಬಟ್ಟಲಲ್ಲಿ ಎರಡು ಕಣ್ಣು ಸೂರು ನೋಡುತ್ತ ಬಿದ್ದಿರುತ್ತವೆ. ಮಗಳು ಎದುರಿಗೆ ಕೂತು ಕಾಲು ಆಡಿಸುತ್ತ ಉಪ್ಪಿಟ್ಟು ಕೇಳುತ್ತಾಳೆ. ಮೂರು ತುಂಬಿದೆ.

"ಅಪ್ಪಾ, ತಣ್ಣಗೈತೆ" ಅಂದಳು. ನೀರಲ್ಲ, ಕಣ್ಣು. ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಹಾಕಿದೆ.

ಓಣಿಯಲ್ಲಿ ಮಗ್ಗಗಳು ಶುರು. ಮನೆ ಬಾಡಿಗೆಗೆ ಹಿಡಿದ ಹೊಸದರಲ್ಲಿ ಈ ಸದ್ದು ತಲೆ ತಿನ್ನುತ್ತಿತ್ತು. ಈಗ ಸಿರಿ ಅದನ್ನೇ ಹಿಡಿದು ಓಣಿಯ ಕೊನೆವರೆಗೂ ಹೋಗಿಬರುತ್ತಾಳೆ. ಯಾವ ಮನೆಯ ಮಗ್ಗ ಯಾವುದು ಅಂತ ನನಗಿಂತ ಚೆನ್ನಾಗಿ ಗೊತ್ತು.

ಮೊದಲ ಪೀರಿಯಡ್ ಹತ್ತನೇ 'ಬಿ', ಜೀವಶಾಸ್ತ್ರ. ಹೊಸ ಹುಡುಗರು. ನನ್ನ ಕಪ್ಪು ಕನ್ನಡಕದ ಮೇಲೇ ಎಲ್ಲರ ಗಮನ. ನಾನೇ ಹೇಳಿಬಿಟ್ಟೆ — ನಾನು ಕಾಡುಗೊಲ್ಲರ ಹಟ್ಟಿಯವನು, ಹಟ್ಟಿ ಸುತ್ತ ಮುಳ್ಳುಬೇಲಿ ಇರುತ್ತದೆ, ಎರಡು ವರ್ಷದವನಿದ್ದಾಗ ಮುಳ್ಳು ಹೊಕ್ಕು ಎಡಗಣ್ಣು ಇಂಗಿಹೋಯಿತು. ಪ್ರತಿ ಜೂನ್‌ನಲ್ಲೂ ಇದೇ ಭಾಷಣ. ಕುತೂಹಲ ತೀರಿದರೆ ಪಾಠ ಕೇಳುತ್ತಾರೆ.

ಸಂಜೆ ಚಿತ್ರಾ ಒಲೆಯ ಕಡೆ ಮುಖ ಮಾಡಿಕೊಂಡೇ ಅಂದಳು, "ಎರಡು ತಿಂಗಳಾತು ರೀ." ಖುಷಿಯಾಗಬೇಕಿತ್ತು. ಹೆದರಿಕೆಯಾಯಿತು.

9 ಜುಲೈ, ಮಂಗಳವಾರ. ಬೆಂಗಳೂರು, ಲಾಡ್ಜು

ಸಿರಿಯ ಆರು ತಿಂಗಳ ಚೆಕಪ್. ಹಳೆಯ ಡಾಕ್ಟರ್ ಇಲ್ಲ. ಹೊಸಬರು, ಡಾ. ಜಗದಾಂಬ. ಐವತ್ತರ ಹೆಂಗಸು, ಮಾತು ಕಡಿಮೆ. ಸಿರಿಯ ಫೈಲು ಮೊದಲ ಹಾಳೆಯಿಂದ ಓದಿದರು. ಹನ್ನೊಂದು ತಿಂಗಳಿಗೆ ಕಣ್ಣಲ್ಲಿ ಬಿಳಿ ಹೊಳಪು, ಎರಡೂ ಕಣ್ಣಲ್ಲಿ ಗಡ್ಡೆ. ಬಲಗಣ್ಣು ತೆಗೆದದ್ದು, ಇಂಜೆಕ್ಷನ್ನು, ಕರೆಂಟು ಅನ್ನುವ ರೇಡಿಯೇಶನ್ನು, ಮರುವರ್ಷ ಎಡಗಣ್ಣೂ ತೆಗೆದದ್ದು. ಫೈಲು ಮುಚ್ಚಿ ನನ್ನನ್ನು ನೋಡಿದರು.

"ನಿಮ್ಮ ಕಣ್ಣಿಗೆ ಏನಾಗಿದೆ?"

ಮುಳ್ಳು ಅಂದೆ. ಇದೇ ಆಸ್ಪತ್ರೆಯಲ್ಲಿ ಮೊದಲೂ ಹೇಳಿದ್ದೆ, ಬರೆದುಕೊಂಡಿದ್ದರು. ಇವರು ಬರೆದುಕೊಳ್ಳಲಿಲ್ಲ. ಕನ್ನಡಕ ತೆಗೆಸಿ ಕುರ್ಚಿಯಲ್ಲಿ ಕೂರಿಸಿದರು. ಸ್ಕ್ಯಾನು. ಆಮೇಲೆ ಒಳ್ಳೆಯ ಕಣ್ಣಿಗೂ ಔಷಧ ಬಿಟ್ಟು ಲೈಟು ಹಿಡಿದು ತುಂಬಾ ಹೊತ್ತು ನೋಡಿದರು.

"ಇದು ಮುಳ್ಳಲ್ಲ ಗೋವರ್ಧನ್. ನಿಮಗೂ ಇದೇ ಗಡ್ಡೆ ಬಂದಿತ್ತು. ಅಪರೂಪಕ್ಕೆ ತಾನಾಗೇ ಸತ್ತು ಒಣಗುತ್ತೆ, ಕಣ್ಣು ಕುಗ್ಗುತ್ತೆ. ಒಳಗೆ ಸುಣ್ಣ ಕಟ್ಟಿದೆ, ಸ್ಕ್ಯಾನಲ್ಲಿ ಕಾಣ್ತಿದೆ. ಬಲಗಣ್ಣಲ್ಲೂ ಒಂದು ಹಳೇ ಕಲೆ ಇದೆ. ಮುಳ್ಳು ಎರಡೂ ಕಣ್ಣಿಗೆ ಒಳಗಿಂದ ಚುಚ್ಚಲ್ಲ."

ಚಿತ್ರಾ ಪಕ್ಕದಲ್ಲೇ ಇದ್ದಳು. ಸಿರಿ ಅವಳ ತೊಡೆಯ ಮೇಲೆ ನಿದ್ದೆ. ಡಾಕ್ಟರ್ ಬಿಡಿಸಿ ಹೇಳಿದರು. ನನಗೆ ಗೊತ್ತಿರಬೇಕಾದ ವಿಷಯವೇ. ಹೊಟ್ಟೆಯಲ್ಲಿದ್ದಾಗ, ಹುಟ್ಟಿದ ಮೇಲೂ ಒಂದಷ್ಟು ಕಾಲ, ಅಕ್ಷಿಪಟಲದ ಎಳೆ ಜೀವಕೋಶಗಳು ಒಡೆದು ಒಡೆದು ಹೆಚ್ಚುತ್ತವೆ. ಒಂದು ಹಂತಕ್ಕೆ ಬಂದಾಗ 'ಸಾಕು, ಇನ್ನು ಒಡೆಯಬೇಡ, ಬೆಳಕು ಹಿಡಿಯುವ ನರಕೋಶವಾಗು' ಅಂತ ಹೇಳುವುದಕ್ಕೆ ಒಂದು ಪ್ರೋಟೀನ್ ಇದೆ. ಅದನ್ನು ಮಾಡುವ ಜೀನ್ ಹದಿಮೂರನೇ ವರ್ಣತಂತುವಿನಲ್ಲಿದೆ. ತಾಯಿಯಿಂದ ಒಂದು, ತಂದೆಯಿಂದ ಒಂದು. "ಸೈಕಲ್ಲಿಗೆ ಎರಡು ಬ್ರೇಕ್ ಇದ್ದ ಹಾಗೆ. ಒಂದು ಕೆಟ್ಟರೂ ನಿಲ್ಲುತ್ತೆ. ನಿಮ್ಮ ಮಗಳಿಗೆ ಹುಟ್ಟುವಾಗಲೇ ಒಂದೇ ಇದ್ದದ್ದು. ಲಕ್ಷಾಂತರ ಕೋಶಗಳಲ್ಲಿ ಯಾವುದೋ ಒಂದರಲ್ಲಿ ಇನ್ನೊಂದೂ ಕೆಟ್ಟರೆ ಆ ಕೋಶಕ್ಕೆ ಸಾಕು ಅನ್ನೋರೇ ಇಲ್ಲ."

ಕಾಣುವುದನ್ನು ಕಲಿಯಬೇಕಾಗಿದ್ದ ಕೋಶ. ಕೂಸಾಗಿಯೇ ಉಳಿದು ಒಡೆಯುತ್ತಲೇ ಹೋಗುತ್ತದೆ.

ಚಿತ್ರಾ ಕೇಳಿದಳು, "ಈಗ ಹೊಟ್ಟೇಲಿರೋದಕ್ಕೆ?"

"ಅರ್ಧಕ್ಕರ್ಧ. ರಕ್ತದಲ್ಲಿ ಹುಡುಕೋದಕ್ಕೆ ಇಲ್ಲಿ ಇನ್ನೂ ಸೌಲಭ್ಯ ಇಲ್ಲ. ಬೇಡ ಅನ್ನೋದಾದರೆ ಈಗಲೇ ಹೇಳಬೇಕು. ಇಟ್ಟುಕೊಳ್ಳೋದಾದರೆ ಹುಟ್ಟಿದ ವಾರದೊಳಗೆ ತನ್ನಿ. ಆಮೇಲೆ ಮೂರು ವಾರಕ್ಕೊಮ್ಮೆ. ಸಾಸಿವೆಯಷ್ಟಿದ್ದಾಗ ಸಿಕ್ಕರೆ ಲೇಸರ್‌ನಿಂದ ಸುಡಬಹುದು. ಕಣ್ಣು ಉಳಿಯುತ್ತೆ."

"ಇರ್ಲಿ" ಅಂದಳು ಚಿತ್ರಾ. ಇಟ್ಟುಕೊಳ್ಳುತ್ತೇನೆ ಅಂತ. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಯಾವ ಮುಖ ಇಟ್ಟುಕೊಂಡು ಹೇಳುತ್ತಿದ್ದೆ? ನನ್ನಿಂದ ಬಂದದ್ದು. ಸಿರಿಯ ಎರಡೂ ಕಣ್ಣು ನನ್ನಿಂದ ಹೋದದ್ದು.

11 ಜುಲೈ, ಗುರುವಾರ

ಹನ್ನೊಂದು ವರ್ಷದಿಂದ ಕರಿಹಲಗೆ ಮೇಲೆ ಚೌಕ ಬರೆದು ಬಟಾಣಿ ಲೆಕ್ಕ ಹೇಳಿಕೊಡುತ್ತಿದ್ದೇನೆ. ಎತ್ತರ, ಗಿಡ್ಡ. ನುಣುಪು, ಸುಕ್ಕು. ಇವತ್ತು ಸ್ಟಾಫ್ ರೂಮಿನಲ್ಲಿ ಕೂತು ನನ್ನ ಚೌಕ ಬರೆದೆ. ನಾಲ್ಕು ಮನೆ. ಎರಡರಲ್ಲಿ ಕಣ್ಣು, ಎರಡರಲ್ಲಿ ಇಲ್ಲ. ಹೆಡ್‌ಮಾಸ್ಟರ್ ಮುತ್ತುರಾಜ್ ಇಣುಕಿ ನೋಡಿ "ಏನ್ರಿ, ಪ್ರಶ್ನೆಪತ್ರಿಕೆ ತೆಗೀತಿದ್ದೀರಾ?" ಅಂದರು. ಹೂಂ ಅಂದು ಹರಿದು ಹಾಕಿದೆ.

ಅಕ್ಷಿಪಟಲದ ಮೇಲೆ ಟೆಕ್ಸ್ಟ್ ಬುಕ್ಕಿನಲ್ಲಿ ಅರ್ಧ ಪುಟ. ಕಂಬಿಕೋಶ, ಶಂಕುಕೋಶ, ಚಿತ್ರ ಬರೆದು ಭಾಗ ಹೆಸರಿಸಿ. ಐದು ಮಾರ್ಕು. ಅವು ಅಲ್ಲಿಗೆ ಹೇಗೆ ಬಂದವು, ಯಾರು ಬೆಳೆಸಿದರು, ಯಾರು ನಿಲ್ಲಿಸಿದರು — ಒಂದು ಸಾಲೂ ಇಲ್ಲ. ನನಗೂ ಯಾವತ್ತೂ ಕೇಳಬೇಕು ಅನ್ನಿಸಲಿಲ್ಲ.

15 ಸೆಪ್ಟೆಂಬರ್, ಭಾನುವಾರ. ಹಟ್ಟಿ

ಚಳ್ಳಕೆರೆಗೆ ಬಂದು ಅಲ್ಲಿಂದ ನನ್ನಿವಾಳದ ಕಡೆ ಹೋಗುವ ಬಸ್ಸು. ಇಳಿದು ನಡೆದೆ. ಬೇಲಿಗೆ ಹೊಸ ಮುಳ್ಳು ಹಾಕಿದ್ದಾರೆ. ಅವ್ವ ಕುಡುಗೋಲು ಹಿಡಿದು ಕೆಳಸಾಲಿನ ಮುಳ್ಳುಗಳ ಮೊನೆ ಕಡಿಯುತ್ತ ಕೂತಿದ್ದಳು. ಮಕ್ಕಳ ಎತ್ತರದವರೆಗೆ, ಇಡೀ ಹಟ್ಟಿಯ ಸುತ್ತ. ನನಗೆ ಬುದ್ಧಿ ಬಂದಾಗಿನಿಂದ ಪ್ರತಿ ವರ್ಷ ಇದೇ ಕೆಲಸ. ಹಟ್ಟಿಯವರು ಗೇಲಿ ಮಾಡುತ್ತಾರೆ — ತಿಪ್ಪೇರುದ್ರಮ್ಮ ಬೇಲಿಗೆ ಕ್ಷೌರ ಮಾಡ್ತಾಳೆ ಅಂತ. ಅವಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಿರಿ ಆ ಮೊಂಡು ಮುಳ್ಳುಗಳ ಮೇಲೆ ಕೈ ಆಡಿಸುತ್ತ ಬೇಲಿಗುಂಟ ಓಡುತ್ತಾಳೆ. ಅದರ ಲಾಭ ಸಿಕ್ಕಿದ್ದು ಅವಳೊಬ್ಬಳಿಗೆ.

ಹೇಳಬೇಕು ಅಂತಲೇ ಬಂದಿದ್ದೆ. ಅವ್ವ, ಮುಳ್ಳಲ್ಲ. ನಿನ್ನ ತಪ್ಪಿಲ್ಲ. ಎರಡು ಮಾತು.

ಹೇಳಲಿಲ್ಲ. ನನ್ನ ನಾಲಗೆ ಕಟ್ಟಿಹಾಕಿದ್ದೇನು ಅಂತ ಇಲ್ಲಾದರೂ ಬರೆಯಬೇಕು. ಮುಳ್ಳಾದರೆ ನಾನು ಬಡಪಾಯಿ. ರಕ್ತವಾದರೆ ನಾನು ಮಗಳ ಕಣ್ಣು ಕಿತ್ತವನು. ಒಂಟಿಗಣ್ಣಿನವನ ಕೈಗೆ ಕುರಿ ಕೊಡುವ ಹಾಗಿಲ್ಲ ಅಂತ ಅವ್ವ ಹಟ ಹಿಡಿದು ನನ್ನನ್ನು ಸ್ಕೂಲಿಗೆ ಹಾಕಿದಳು. ಅಪ್ಪ ಸತ್ತ ಮೇಲೂ ಕೂಲಿ ಮಾಡಿ ಓದಿಸಿದಳು. ಅವಳು ಆ ಮುಳ್ಳಿನ ಋಣ ತೀರಿಸುತ್ತಿದ್ದಳು. ನಾನು ಆ ಋಣದಲ್ಲಿ ಬಿ.ಎಡ್. ಮಾಡಿದೆ.

ಸಾರು ಚೆನ್ನಾಗಿತ್ತು. ಎರಡು ಮುದ್ದೆ ಉಂಡು ಬಂದೆ.

1 ಡಿಸೆಂಬರ್, ಭಾನುವಾರ

ಚಿತ್ರಾ ಬಟ್ಟೆ ಗಂಟು ಕಟ್ಟುತ್ತಿದ್ದಳು. ಎಲ್ಲಿಗೆ ಅಂದೆ. "ಹಟ್ಟಿಗೆ. ಹೆರಿಗೆ ಚಳ್ಳಕೆರೆ ಆಸ್ಪತ್ರೇಲಿ. ಆಮೇಲೆ ಗುಡ್ಲಲ್ಲಿ ಇರ್ತೀನಿ."

ನನಗೆ ನಗು ಬಂತು. ನಮ್ಮಲ್ಲಿ ಹೆತ್ತವಳು ಮಗುವಿನ ಸಮೇತ ಬೇಲಿಯಾಚೆ ಗುಡಿಸಲಲ್ಲಿ ಇರಬೇಕು. ಮೂರು ತಿಂಗಳು. ಯಾರೂ ಮುಟ್ಟುವಂತಿಲ್ಲ, ಊಟ ದೂರದಿಂದ ಇಟ್ಟು ಬರುತ್ತಾರೆ, ಆಮೇಲೆ ಶಾಸ್ತ್ರ ಮಾಡಿ ಒಳಗೆ ಕರೆದುಕೊಳ್ಳುತ್ತಾರೆ. ಸಿರಿ ಹುಟ್ಟಿದಾಗ ಇದೇ ಚಿತ್ರಾ ಅಲ್ಲಿ ಕೂತು ದಿನಾ ಅತ್ತಿದ್ದಳು. ಇನ್ನೊಂದು ಸಲ ನನ್ನ ಹೆಣ ಹಾಕಿದ್ರೂ ಇಲ್ಲಿ ಇರಲ್ಲ ಅಂದಿದ್ದಳು. ನಾನು ಜುಂಜಣ್ಣ ದೊಡ್ಡಪ್ಪನ ಹತ್ತಿರ ಜಗಳವಾಡಿ, ಹಟ್ಟಿಗೆ ಒಂದು ವರ್ಷ ಕಾಲಿಟ್ಟಿರಲಿಲ್ಲ. ಅವರೇ ಹಟ್ಟಿಯ ಪೂಜಾರಿ.

ಈಗ ಇವಳೇ ಹೊರಟಿದ್ದಾಳೆ. ಬಾಡಿಗೆ ಮನೆ, ಆಸ್ಪತ್ರೆ ಹತ್ತಿರ, ಯಾರ ಕಾಟವೂ ಇಲ್ಲ. ಯಾಕೆ? ಕೇಳಿದರೆ "ನಂಗೆ ಬೇಕು" ಅಷ್ಟೇ.

10 ಜನವರಿ 2003, ಶುಕ್ರವಾರ. ಚಳ್ಳಕೆರೆ

ಗಂಡು. ಬೆಳಗ್ಗೆ. ಇಬ್ಬರೂ ಚೆನ್ನಾಗಿದ್ದಾರೆ. ಕಣ್ಣು ತೆರೆದು ಒಂದು ಸಲ ನೋಡಿದ. ಕಪ್ಪು. ಆಳ. ಏನೂ ಗೊತ್ತಾಗುವುದಿಲ್ಲ.

ಸೋಮವಾರ ಇಲ್ಲಿಂದ ನೇರ ಬೆಂಗಳೂರಿಗೆ ವ್ಯಾನು ಮಾತಾಡಿದ್ದೇನೆ. ಡಾಕ್ಟರಿಗೂ ಫೋನ್ ಮಾಡಿದೆ.

13 ಜನವರಿ, ಸೋಮವಾರ

ವ್ಯಾನು ತಂದಾಗ ವಾರ್ಡು ಖಾಲಿ. ಬೆಳಗ್ಗೆ ಆಟೋ ಮಾಡಿಕೊಂಡು ಹಟ್ಟಿಗೆ ಹೋದಳಂತೆ. ಬಾಣಂತಿ, ಮೂರು ದಿನದ ಕೂಸು. ಸಿಸ್ಟರ್ ನನ್ನನ್ನೇ ಬೈದರು.

19 ಜನವರಿ, ಭಾನುವಾರ. ಹಟ್ಟಿ

ಗುಡಿಸಲು ಬೇಲಿಯಿಂದಾಚೆ, ಹುಣಸೆ ಮರದ ಕೆಳಗೆ. ಹೊಸ ಸೋಗೆ ಹೊದಿಸಿದ್ದಾರೆ. ಚಿತ್ರಾ ಬಾಗಿಲಲ್ಲಿ ಕೂತಿದ್ದಳು, ತೊಡೆ ಮೇಲೆ ಕೂಸು. ಹತ್ತಿರ ಹೋದೆ.

"ಅಲ್ಲೇ ನಿಂತ್ಕೊಳ್ರಿ. ಮುಟ್ಟಬಾರ್ದು."

"ಯಾವಾಗಿಂದ ಇದನ್ನೆಲ್ಲ ನಂಬೋಕೆ ಶುರು ಮಾಡ್ದೆ?"

"ಈವತ್ತಿಂದ."

ವ್ಯಾನು ರಸ್ತೇಲಿದೆ, ನಡಿ ಅಂದೆ. ಅವಳು ತಲೆ ಎತ್ತಲಿಲ್ಲ. "ಸಿರಿನ ಹನ್ನೊಂದು ತಿಂಗಳು ಯಾವ ಡಾಕ್ಟ್ರೂ ನೋಡ್ಲಿಲ್ಲ. ಆ ಹನ್ನೊಂದು ತಿಂಗಳು ಅವಳು ನನ್ನ ನೋಡಿದ್ಲು. ಮೂಗುಬಟ್ಟು ಹಿಡ್ಕೊಂಡು ಎಳೀತಿದ್ಲು. ಅವ್ರು ನೋಡಾಕೆ ಶುರು ಮಾಡಿದ್ ಮ್ಯಾಲೆ ಅವಳು ನೋಡೋದು ನಿಂತೋತು."

"ಬೇಗ ತೋರಿಸಿದ್ರೆ ಉಳೀತಿತ್ತು ಚಿತ್ರಾ. ತಡ ಆಗಿದ್ದಕ್ಕೇ ಹೋಗಿದ್ದು."

"ನನಗೂ ಗೊತ್ತೈತೆ ರೀ. ಗೊತ್ತಿಲ್ದೆ ಹೇಳ್ತಿಲ್ಲ. ಮೂರು ತಿಂಗಳು ನನಗೆ ಬಿಡ್ರಿ. ಇವನಿಗೆ ಏನೂ ಇಲ್ಲ ಅಂದ್ಕೊಂಡು ಮೂರು ತಿಂಗಳು ಇರ್ತೀನಿ. ಆಮ್ಯಾಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ಈಗ ತಿಳಿಯಿತು. ಗುಡಿಸಲು ಯಾಕೆ ಬೇಕಾಗಿತ್ತು ಅಂತ. ಲೋಕದಲ್ಲಿ ಯಾರೂ ಅವಳ ಮಗುವನ್ನು ಮುಟ್ಟಲಾಗದ ಜಾಗ ಅದೊಂದೇ. ಡಾಕ್ಟರಿಲ್ಲ, ಲೈಟಿಲ್ಲ, ನಾನಿಲ್ಲ.

ಸಿಟ್ಟು ಬಂತು. ಬಾಯಿಗೆ ಬಂದದ್ದು ಆಡಿದೆ. "ಸರಿ. ಆಮೇಲೆ ಬಟ್ಟಲಲ್ಲಿ ದಿನಾ ನಾಲ್ಕು ಕಣ್ಣು ತೊಳೆಯೋಣ." ಚಿತ್ರಾ ಎದ್ದು ಒಳಗೆ ಹೋಗಿ ತಡಿಕೆ ಎಳೆದುಕೊಂಡಳು.

ಎರಡು ಹೆಜ್ಜೆ ಇಟ್ಟು ಒಳನುಗ್ಗಿ ಎತ್ತಿಕೊಂಡು ಓಡಬಹುದಿತ್ತು. ಓಡಲಿಲ್ಲ. ಮೊಲೆ ಬಿಡಿಸಿ ತಂದ ಕೂಸನ್ನು ಬೆಂಗಳೂರಿನವರೆಗೆ ಏನು ಮಾಡುವುದು? ಹಾಗಂತ ನನಗೆ ನಾನೇ ಹೇಳಿಕೊಂಡೆ.

26 ಜನವರಿ, ಭಾನುವಾರ

ಸ್ಕೂಲಲ್ಲಿ ಧ್ವಜ ಹಾರಿಸಿ, ಮಕ್ಕಳಿಗೆ ಲಾಡು ಹಂಚಿ, ಮಧ್ಯಾಹ್ನ ಹಟ್ಟಿ ಸೇರಿದೆ. ಜುಂಜಣ್ಣ ದೊಡ್ಡಪ್ಪನ ಹತ್ತಿರ ಹೋದೆ. ದಾರಿಯುದ್ದಕ್ಕೂ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಮೂಢನಂಬಿಕೆ, ಸಂವಿಧಾನ, ಎಲ್ಲಾ.

ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದರು. "ನಮ್ದೇನು ಅಡ್ಡಿ ಐತಪ್ಪ? ಹೋಗಿ ತೋರಿಸ್ಕಂಡು ಬರ್ಲಿ. ಬಂದು ಮೈ ತೊಳ್ಕಂಡು ಮತ್ತೆ ಗುಡ್ಲಿಗೆ ಸೇರ್ಕಂತಾಳೆ. ಕೂಸಿನ ಕಣ್ಣು ತೋರಿಸ್ಬ್ಯಾಡ ಅಂತ ದೇವ್ರು ಯಾವತ್ತು ಹೇಳೈತೆ? ಆಯಮ್ಮನೇ ಒಲ್ಲೆ ಅಂತಾಳೆ. ನಾನೇ ಹೇಳಿ ಕಳಿಸಿದ್ದೆ."

ಭಾಷಣ ದಂಡ. ಜಗಳವಾಡಲು ಒಬ್ಬರೂ ಉಳಿದಿಲ್ಲ.

2 ಫೆಬ್ರವರಿ, ಭಾನುವಾರ. ಹಟ್ಟಿ

ಸಿರಿ ಈಗ ಇಲ್ಲೇ ಅವ್ವನ ಜೊತೆ. ಬೆಳಗಿಂದ ಸಂಜೆ ತನಕ ಗುಡಿಸಲಿನ ಹೊರಗೆ ಕೂತು ಒಳಗಿದ್ದ ಅಮ್ಮನ ಜೊತೆ ಮಾತು. ನಾನು ಹುಣಸೆ ಮರದ ಹಿಂದೆ ನಿಂತಿದ್ದೆ. ಅವರಿಗೆ ಗೊತ್ತಿರಲಿಲ್ಲ.

"ಅಮ್ಮಾ, ಪಾಪು ಏನ್ ಮಾಡ್ತೈತೆ?"

"ನೋಡ್ತೈತೆ."

"ಏನ್ ನೋಡ್ತೈತೆ?"

"ಸೂರು ನೋಡ್ತೈತೆ. ಸಂದೀಲಿ ಬಿಸ್ಲು ಬರ್ತೈತಲ್ಲ, ಅದ್ನ."

"ಪಾಪುಂದು ತೆಗೆಯೋ ಕಣ್ಣಾ, ತೆಗೀದೇ ಇರೋ ಕಣ್ಣಾ?"

ಸಿರಿ ಮತ್ತೆ ಕೇಳಿದಳು. ನಾನು ಕೆಮ್ಮದೆ ಬಂದ ದಾರಿ ಹಿಡಿದೆ.

ಹುಟ್ಟಿ ಮೂರು ವಾರ ಕಳೆಯಿತು. ಈ ಹೊತ್ತಿನಲ್ಲಿ ಎಲ್ಲೋ ಒಂದು ಕೋಶ ಒಡೆಯುತ್ತಿರಬಹುದು. ಒಂದು ಎರಡಾಗಿ, ಎರಡು ನಾಲ್ಕಾಗಿ. ಅಥವಾ ಏನೂ ಇಲ್ಲದಿರಬಹುದು. ನನ್ನ ಒಳ್ಳೆಯ ಜೀನೇ ಅವನಿಗೆ ಹೋಗಿರಬಹುದು. ನನ್ನಲ್ಲೂ ಒಂದು ಒಳ್ಳೆಯದಿದೆಯಲ್ಲ.

16 ಫೆಬ್ರವರಿ, ಭಾನುವಾರ. ಹಟ್ಟಿ

ಅವ್ವನಿಗೆ ಹೇಳಿದೆ. ಬೇರೆ ದಾರಿ ಇರಲಿಲ್ಲ. ಚಿತ್ರಾ ಇವಳ ಮಾತೊಂದನ್ನು ಮಾತ್ರ ಕೇಳುತ್ತಾಳೆ.

ಮೊದಲು ಕೇಳಿದೆ, "ಅವ್ವ, ನನ್ನ ಕಣ್ಣಿಗೆ ಮುಳ್ಳು ಚುಚ್ಚಿದ್ದು ನೀನು ಕಣ್ಣಾರೆ ನೋಡಿದ್ಯಾ?"

"ನೋಡಿದ್ರೆ ಬಿಡ್ತಿದ್ನಾ? ಮರಿಗೆ ಹಾಲು ಕುಡ್ಸಾಕೆ ಹೋಗಿದ್ದೆ. ಬಂದು ನೋಡ್ತೀನಿ, ನೀನು ಬೇಲಿ ತಾವ ಅಳ್ತಾ ಕುಂತಿದ್ದೆ. ಕಣ್ಣು ಕೆಂಡ ಆಗಿತ್ತು. ಆಮ್ಯಾಕೆ ಊದ್ಕಂತು, ಆಮ್ಯಾಕೆ ಇಂಗೋತು. ಇನ್ನೇನಿರ್ತೈತೆ?"

ಹೌದು. ನಮ್ಮ ಹಟ್ಟಿಯಲ್ಲಿ ಕಣ್ಣು ಹೋದರೆ ಇನ್ನೇನಿರುತ್ತದೆ. ನಾಲ್ಕು ದಿಕ್ಕಿಗೂ ಮುಳ್ಳು. ಯಾರಿಗೂ ಎರಡನೇ ಯೋಚನೆ ಬರುವ ಪ್ರಮೇಯವೇ ಇಲ್ಲ.

ಎಲ್ಲವನ್ನೂ ಹೇಳಿದೆ. ಜೀನ್ ಅನ್ನಲಿಲ್ಲ, ರಕ್ತದಲ್ಲಿ ಬರುವುದು ಅಂದೆ. ಸಾಕು ಅನ್ನುವುದೊಂದು ಇರಬೇಕು, ನನ್ನಲ್ಲಿ ಅರ್ಧ ಇಲ್ಲ, ಸಿರಿಗೆ ಅದೇ ಹೋಯಿತು, ಕೂಸಿಗೂ ಹೋಗಿರಬಹುದು ಅಂದೆ. ನಿನ್ನ ತಪ್ಪೇ ಅಲ್ಲ, ಯಾವತ್ತೂ ಆಗಿರಲಿಲ್ಲ ಅಂದೆ. ಅವ್ವ ಹಗುರಾಗುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ.

"ಹಂಗಾರೆ ನಾನೇ ಕೊಟ್ಟಿದ್ದಾ ನಿಂಗೆ?"

ಗೊತ್ತಿಲ್ಲ ಅಂದೆ. ನೀನಿರಬಹುದು, ಅಪ್ಪ ಇರಬಹುದು, ಯಾರೂ ಅಲ್ಲದೆ ನನ್ನಲ್ಲೇ ಶುರುವಾಗಿರಬಹುದು.

ಅವ್ವ ಸೆರಗಿನ ಅಂಚು ಸುತ್ತುತ್ತ ಕೂತಳು. "ಬೇಲಿ ತಾವ ಬಿಟ್ಟಿದ್ದೇ ತಪ್ಪು ಅಂದ್ಕಂಡಿದ್ದೆ. ಹೆತ್ತಿದ್ದೇ ತಪ್ಪಾತಾ" ಅಂದಳು. ಆಮೇಲೆ ಎದ್ದು ಕುಡುಗೋಲು ತೆಗೆದುಕೊಂಡು ಹೊರಗೆ ಹೋದಳು. ಬೇಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮುಳ್ಳು ಕಡಿಯತೊಡಗಿದಳು. ಅವ್ವ, ಅದು ಬೇಡ, ಅದು ಕಾರಣ ಅಲ್ಲ ಅಂತ ಈಗ ತಾನೇ ಹೇಳಿದೆನಲ್ಲ ಅನ್ನಬೇಕು ಅನ್ನಿಸಿತು. ಅವಳಿಗೆ ಬೇರೆ ಏನು ಮಾಡಲು ಬರುತ್ತದೆ? ನನಗಾದರೂ ಏನು ಬರುತ್ತದೆ?

17 ಫೆಬ್ರವರಿ, ಸೋಮವಾರ

ರಜೆ ಹಾಕಿ ಹಟ್ಟಿಯಲ್ಲೇ ಉಳಿದೆ. ಬೆಳಗ್ಗೆ ಅವ್ವ ರಾಗಿ ಅಂಬಲಿ ಹಿಡಿದು ಗುಡಿಸಲಿಗೆ ಹೋದಳು. ಎಂದಿನ ಹಾಗೆ ದೂರದಲ್ಲಿ ಇಡಲಿಲ್ಲ. ತಡಿಕೆ ಸರಿಸಿ ಒಳಗೇ ಹೋದಳು. ಬೇಲಿ ಹತ್ತಿರವಿದ್ದ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಬಾಣಂತಿ ಗುಡಿಸಲಿನ ನೆರಳೂ ಬೀಳದ ಹಾಗೆ ನಡೆಯುವವಳು ಅವಳು.

ತುಂಬಾ ಹೊತ್ತು ಒಳಗಿದ್ದರು. ಅಳುವ ಸದ್ದು ಒಂದು ಸಲ ಕೇಳಿತು. ಯಾರದ್ದು ಅಂತ ತಿಳಿಯಲಿಲ್ಲ. ಆಮೇಲೆ ಚಿತ್ರಾ ಹೊರಗೆ ಬಂದಳು, ಕೂಸು ಸುತ್ತಿಕೊಂಡು. "ಯಾವ ಬಸ್ಸು?" ಅಂದಳು.

19 ಫೆಬ್ರವರಿ, ಬುಧವಾರ. ಬೆಂಗಳೂರು

ಅವ್ವನೂ ಬಂದಿದ್ದಾಳೆ. ಬರುತ್ತೇನೆ ಅಂತ ಹಟ. ಬಸ್ಸಲ್ಲಿ ಚಿತ್ರಾ ಹೇಳಿದಳು, ಅವ್ವ ಗುಡಿಸಲಲ್ಲಿ ಆಡಿದ ಮಾತು: "ಮೂವತ್ತೈದು ವರ್ಷ ನಾನು ತಿಳೀದೆ ಮುಳ್ಳು ಕಡಿದೆ ಕಣವ್ವಾ. ನೀನು ತಿಳಿದೂ ಕುಂತ್ಕಂತೀಯಾ?"

ಕೂಸಿಗೆ ಮತ್ತಿನ ಔಷಧ ಕೊಟ್ಟು ನೋಡಿದರು. ಬಲಗಣ್ಣಲ್ಲಿ ಒಂದು ಗಡ್ಡೆ. ನಟ್ಟ ನಡುವೆ, ನೋಟ ಕೂರುವ ಜಾಗದಲ್ಲೇ. ಎಡಗಣ್ಣು ಸ್ವಚ್ಛ.

ಡಾ. ಜಗದಾಂಬ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಜನವರಿಯಲ್ಲಿ ಇದು ತೀರ ಚಿಕ್ಕದಿರುತ್ತಿತ್ತೇನೋ. ಈಗ ಸುಟ್ಟರೆ ಆ ಕಣ್ಣಿನ ನಡುವಿನ ನೋಟ ಹೋಗುತ್ತೆ. ಕಣ್ಣು ಉಳಿಯುತ್ತೆ. ಅಂಚಿನಲ್ಲಿ ಮಸುಕಾಗಿ ಕಾಣುತ್ತೆ."

"ಎಡಗಣ್ಣು?" ಚಿತ್ರಾ ಕೇಳಿದಳು.

"ಈವತ್ತಿಗೆ ಚೆನ್ನಾಗಿದೆ."

ಈವತ್ತಿಗೆ. ಚಿತ್ರಾ ಆ ಮಾತನ್ನು ನುಂಗಿಕೊಂಡಳು. ನಾನು ಅವಳ ಕಡೆ ನೋಡಲಿಲ್ಲ. ಐದು ವಾರ ಅವಳು ಗುಡಿಸಲಲ್ಲಿ ಕೂತಳು, ಅದೇ ಐದು ವಾರ ನಾನು ಅವ್ವನಿಗೆ ಹೇಳದೆ ಕೂತೆ. ಯಾರದ್ದು ಎಷ್ಟು ಅಂತ ಪಾಲು ಮಾಡುವ ಶಕ್ತಿ ನನಗಿಲ್ಲ.

ಅವ್ವನ ಕಣ್ಣಿಗೂ ಔಷಧ ಬಿಟ್ಟು ನೋಡಿದರು. ಕಲೆಯಿಲ್ಲ, ಏನೂ ಇಲ್ಲ. ನಿಮ್ಮಿಂದಲೇ ಶುರುವಾಗಿರುವ ಸಾಧ್ಯತೆ ಹೆಚ್ಚು ಅಂದರು ನನಗೆ. ತಂದೆ ತಾಯಿ ಇಬ್ಬರಲ್ಲೂ ಸರಿಯಿದ್ದು ಮಗುವಿನಲ್ಲಿ ಹೊಸದಾಗಿ ಕೆಡುವುದು ಉಂಟಂತೆ. ಕಾರಣ? ಕಾರಣ ಇಲ್ಲ. ನಕಲು ಮಾಡುವಾಗ ಆಗುವ ತಪ್ಪು.

ಅವ್ವ ಕಾರಿಡಾರಿನ ಬೆಂಚಿನ ಮೇಲೆ ಕಣ್ಣು ಕಿರಿದು ಮಾಡಿ ಕೂತಿದ್ದಳು. ಔಷಧದ ಮಬ್ಬಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಕೈ ಚಾಚಿ ಹುಡುಕಿದಳು. ಪಕ್ಕ ಕೂತು ಹೇಳಿದೆ — ನಿನ್ನಿಂದ ಬಂದಿಲ್ಲವ್ವ. ನನ್ನಿಂದಲೇ ಶುರು.

"ಹಂಗಾರೆ ಯಾರ್ದಪ್ಪಾ ತಪ್ಪು?"

"ಯಾರ್ದೂ ಅಲ್ಲ."

ಅವ್ವ ತಲೆ ಅಲ್ಲಾಡಿಸಿದಳು. "ಹಂಗಂದ್ರೆ ಜನ ಕೇಳಲ್ಲ ಕಣಪ್ಪ. ರಕ್ತದಾಗೆ ಐತೆ ಅಂದ್ರೆ ನಾಳೆ ಸಿರಿನ ಯಾರು ಮನೆ ತುಂಬಿಸ್ಕಂತಾರೆ? ಈ ಕೂಸಿಗೆ ಯಾರು ಹೆಣ್ಣು ಕೊಡ್ತಾರೆ? ನಿಂದು ಮುಳ್ಳೇ. ನಾನೇ ಬೇಲಿ ತಾವ ಬಿಟ್ಟು ಹೋಗಿದ್ದು. ಊರಿಗೆ ಹೋದ್ ಮ್ಯಾಲೂ ಹಂಗೇ ಇರ್ಲಿ."

ಬೇಡವ್ವ ಅಂದೆ. "ನನಗೆ ಅಭ್ಯಾಸ ಆಗೋಗೈತೆ ಬಿಡು" ಅಂದಳು.

20 ಫೆಬ್ರವರಿ

ಲೇಸರ್ ಆಯಿತು. ಕೂಸು ಸಂಜೆವರೆಗೂ ಹಾಲು ಕುಡಿಯಲಿಲ್ಲ. ಈಗ ಕುಡಿಯುತ್ತಿದ್ದಾನೆ.

9 ಮಾರ್ಚ್, ಭಾನುವಾರ. ಹಟ್ಟಿ

ಚಿತ್ರಾ ಮತ್ತೆ ಗುಡಿಸಲಲ್ಲಿ. ಸಿರಿಯೂ ಈಗ ಒಳಗೇ ಮಲಗುತ್ತಾಳೆ, ಯಾರೂ ಏನೂ ಅನ್ನುತ್ತಿಲ್ಲ. ಜುಂಜಣ್ಣ ದೊಡ್ಡಪ್ಪ ಬೆಂಗಳೂರಲ್ಲಿ ಏನಂದರು ಅಂತ ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಶುರು ಮಾಡಿದಳು. ಮಕ್ಕಳದ್ದು ಯಾವುದೋ ಗಡ್ಡೆ, ಗೋವರ್ಧನನದ್ದು ಮುಳ್ಳು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅವತ್ತು ನಾನು ನೋಡಿಕೊಂಡಿದ್ದರೆ ನನ್ನ ಮಗ ಚೆನ್ನಾಗಿರ್ತಿದ್ದ — ಹತ್ತು ಜನರ ಮುಂದೆ, ಗಟ್ಟಿಯಾಗಿ. ಮುಳ್ಳು ಹೇಗೆ ಹೊಕ್ಕಿತು ಅಂತ ಕೈಯಲ್ಲಿ ತೋರಿಸಿದಳು. ಇಷ್ಟು ವರ್ಷ ಅವಳು ಇದನ್ನು ಯಾರ ಮುಂದೂ ಹೀಗೆ ಬಾಯಿಬಿಟ್ಟು ಹೇಳಿದವಳಲ್ಲ.

ಜೀವಶಾಸ್ತ್ರದ ಮೇಷ್ಟ್ರು ಅಲ್ಲೇ ನಿಂತಿದ್ದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

13 ಮಾರ್ಚ್, ಗುರುವಾರ. ಬೆಂಗಳೂರು, ಲಾಡ್ಜು

ಎರಡನೇ ಚೆಕಪ್. ಬಲಗಣ್ಣಿನದು ಸತ್ತಿದೆ. ಬಿಳಿ ಕಲೆ ಮಾತ್ರ. ಎಡಗಣ್ಣಲ್ಲಿ ಎರಡು ಹೊಸವು. ಒಂದು ಅಂಚಿನಲ್ಲಿ. ಇನ್ನೊಂದು ನರಕ್ಕೆ ತೀರ ಹತ್ತಿರ. ನಾಳೆ ಬೆಳಗ್ಗೆ ಸುಡುತ್ತಾರೆ. ನಿಲ್ಲದಿದ್ದರೆ ಇಂಜೆಕ್ಷನ್ನು. ಅದಕ್ಕೂ ನಿಲ್ಲದಿದ್ದರೆ ಅಂತ ಡಾಕ್ಟರ್ ಹೇಳಲಿಲ್ಲ. ನಾವೂ ಕೇಳಲಿಲ್ಲ.

14 ಮಾರ್ಚ್, ಶುಕ್ರವಾರ. ಬೆಳಗ್ಗೆ

ಎಂಟು ಗಂಟೆಗೆ ಆಸ್ಪತ್ರೆ. ಮತ್ತಿನ ಔಷಧ ಕೊಡುವುದರಿಂದ ಕೂಸಿಗೆ ಹಾಲು ಕೊಡುವ ಹಾಗಿಲ್ಲ. ಅತ್ತು ಅತ್ತು ಸುಸ್ತಾಗಿದ್ದ. ಚಿತ್ರಾ ಸ್ನಾನಕ್ಕೆ ಹೋಗುವಾಗ ಕೂಸನ್ನು ನನ್ನ ತೊಡೆ ಮೇಲೆ ಮಲಗಿಸಿದಳು. ಗುಡಿಸಲಿನ ಮೈಲಿಗೆ ಇಲ್ಲಿ ಯಾರಿಗೂ ನೆನಪಿಲ್ಲ. ನಾನು ಇನ್ನೂ ಕನ್ನಡಕ ಹಾಕಿಕೊಂಡಿರಲಿಲ್ಲ. ಬೇರೆಯವರ ಮಕ್ಕಳು ನನ್ನ ಬರಿಮುಖ ಕಂಡರೆ ಕಿರುಚುತ್ತವೆ. ಸಿರಿ ನನ್ನ ಮುಖ ಕಂಡದ್ದು ಅವಳಿಗೆ ನೆನಪಿಲ್ಲ.

ಕಿಟಕಿಯ ಕಡೆ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ. ಹಣೆ ನೋಡಿದ, ಇಂಗಿದ ಕಣ್ಣು ನೋಡಿದ, ಇನ್ನೊಂದು ಕಣ್ಣು ನೋಡಿದ. ನಾನು ತಲೆ ಆ ಕಡೆ ವಾಲಿಸಿದರೆ ಆ ಕಡೆ ಬಂದ. ಈ ಕಡೆ ವಾಲಿಸಿದರೆ ಈ ಕಡೆ. ಹುಟ್ಟಿದಾಗಿನಿಂದ ಇವನು ಯಾರನ್ನೂ ನೋಡಿ ನಕ್ಕಿಲ್ಲ ಅಂತ ಚಿತ್ರಾ ಹೇಳುತ್ತಿದ್ದಳು.

ನಕ್ಕ. ನನ್ನನ್ನು ನೋಡಿಯೇ. ನಾನು — ಚಿತ್ರಾ ಕರೆಯುತ್ತಿದ್ದಾಳೆ, ಎಂಟಾಗುತ್ತ ಬಂತು.